ಬಾಳೆ, ಬೀಗ, ಕುದುರೆ

ಗಂಡನ ತುಟಿ ಅಲುಗುವುದನ್ನು ಮುನಿತಾಯಮ್ಮ ನೋಡಿಯೂ ನೋಡದವಳಂತೆ ಕೂತಿದ್ದಳು. ದನಿ ಹೊರಗೆ ಬರುತ್ತಿರಲಿಲ್ಲ. ಆದರೂ ಪದ್ಯ ಎಲ್ಲಿಗೆ ಬಂದಿದೆಯೆನ್ನುವುದು ಅವಳಿಗೆ ಆ ತುಟಿಗಳ ಅಂಚಿನಲ್ಲೇ ಗೊತ್ತಾಗುತ್ತಿತ್ತು. ಇದು ಬಾಳೆ, ಇದು ಬೀಗ, ಇದೋ ಕುದುರೆ, ಇನ್ನೊಂದು ಉಸಿರಿಗೆ ತುಟಿ ಕೂಡಿ ಬಿಟ್ಟರೆ ಅಲ್ಲಿ ತನ್ನ ಹೆಸರು. ಬಸವೇಶ್ವರನಗರದ ಆ ಕ್ಲಿನಿಕ್ಕು ಯಾರದೋ ಮನೆಯ ಕೆಳಗಿನ ಪೋರ್ಷನ್ನು. ಒಂದು ಕಾಲಕ್ಕೆ ನಡುಮನೆಯಾಗಿದ್ದ ಕಡೆ ಎರಡು ಬೆಂಚು, ಅಡುಗೆಮನೆಯಾಗಿದ್ದ ಕಡೆ ರಕ್ತ ತೆಗೆಯುವ ಹುಡುಗಿ, ಗೋಡೆಯೊಳಗಿನ ದೇವರ ಗೂಡಿನಲ್ಲಿ ರೋಗಿಗಳ ಫೈಲು. ಬಂದ ಕೂಡಲೆ ಅಭ್ಯಾಸಬಲದಿಂದ ಆ ಗೂಡಿಗೆ ಕೈ ಮುಗಿದುಬಿಟ್ಟಿದ್ದಳು. ಮುಗಿದ ಕೈಯನ್ನು ಹಾಗೇ ಇಳಿಸುವುದಕ್ಕೆ ನಾಚಿಕೆಯಾಗಿ, ಯಾವ ಫೈಲಿನಲ್ಲಿ ಯಾರ ಕಷ್ಟ ಇದೆಯೋ ಎಲ್ಲರದ್ದೂ ನೋಡಪ್ಪ ಎಂದು ಒಳಗೇ ಅಂದುಕೊಂಡಿದ್ದಳು. ತನ್ನ ಗಂಡನ ಫೈಲೂ ಅಲ್ಲೇ ಇತ್ತು. ಅದರೊಳಗೆ ಇರುವುದು ಸುಳ್ಳು ಎಂದು ಆ ಕೋಣೆಯಲ್ಲಿ ಗೊತ್ತಿದ್ದವಳು ಅವಳೊಬ್ಬಳೇ.

"ಮುನಿರಾಜು, ಸಿಕ್ಸ್‌ಟಿ ನೈನ್, ಬಂದಿದಾರಾ?" ಎಂದು ಚೀಟಿ ಬರೆಯುವ ಹುಡುಗಿ ಶಿಲ್ಪಾ ಕೂಗಿದಳು.

"ಯಾವ ಮುನಿರಾಜು?" ಎಂದ ಗಂಡ, ತುಂಬ ಮರ್ಯಾದೆಯಿಂದ. "ನಮ್ಮೂರಲ್ಲಿ ನಾಕು ಜನ ಅವ್ರೆ ಕಣಮ್ಮ. ತೋಟದ ಮುನಿರಾಜೋ, ಓದೋ ಮುನಿರಾಜೋ?"

ಬೆಂಚಿನ ಮೇಲಿದ್ದವರು ನಕ್ಕರು. ಶಿಲ್ಪಾಳೂ ನಕ್ಕು, "ಓದೋರು ಅಂತ್ಲೇ ಬರ್ಕೋತೀನಿ ತಾತ. ಇವರಾದ್ಮೇಲೆ ಇನ್ನಿಬ್ರು, ಆಮೇಲೆ ನೀವು" ಎಂದಳು. ಮಗಳು ಕುಸುಮಾ ನಗಲಿಲ್ಲ. ಅಪ್ಪ ತಮಾಷೆ ಮಾಡಿದರು ಎಂದುಕೊಂಡು ಸಮಾಧಾನದಿಂದ ಅಮ್ಮನ ಕಡೆ ವಾಲಿದಳು. ವಿಜಯನಗರದ ಒಂದು ಶಾಲೆಯ ಆಫೀಸಿನಲ್ಲಿ ಅವಳಿಗೆ ಕೆಲಸ. ಗಂಡನದು ಪೀಣ್ಯದಲ್ಲಿ ಶಿಫ್ಟು. ಮಾರೇನಹಳ್ಳಿಯ ಮನೆಯ ಮಹಡಿಯ ಮೇಲೆ ಅವರ ಸಂಸಾರ, ಕೆಳಗೆ ಇವರಿಬ್ಬರು.

"ಅಮ್ಮ, ಸೋಮವಾರ ನಿನ್ನ ಆಪರೇಷನ್ನು. ನಾಕು ದಿವ್ಸ ನೀನು ಆಸ್ಪತ್ರೇಲಿ. ಇವತ್ತು ಡಾಕ್ಟ್ರು ಪರ್ವಾಗಿಲ್ಲ ಅಂದ್ಬಿಟ್ರೆ ನಂಗೆ ನಿಶ್ಚಿಂತೆ ಕಣಮ್ಮ. ಬೆಳಿಗ್ಗೆ ಅನ್ನ ಸಾರು ಮಾಡಿ ಮುಚ್ಚಿಟ್ಟು ಹೋಗ್ತೀನಿ. ಅಪ್ಪ ಬಿಸಿ ಮಾಡ್ಕೊಂಡು ಉಣ್ತಾರೆ. ಆರು ಗಂಟೆಗೆ ನಾನು ಬಂದೇ ಬರ್ತೀನಲ್ಲ."

"ಹೂಂ" ಎಂದಳು ಮುನಿತಾಯಮ್ಮ. ಪಿತ್ತಕೋಶದ ಕಲ್ಲು ಇರುವ ಕಡೆ ಕೈಯಿಟ್ಟುಕೊಂಡಳು. ಬಿಸಿ ಮಾಡಿಕೊಂಡು. ಹೋದ ವಾರ ಹಿತ್ತಲಲ್ಲಿ ಬಟ್ಟೆ ಹಿಂಡುತ್ತಿದ್ದವಳಿಗೆ ಗ್ಯಾಸಿನ ವಾಸನೆ ಬಂದು ಓಡಿ ಬಂದರೆ, ಎರಡೂ ಒಲೆಯ ತಿರುಪು ಪೂರ್ತಿ ತಿರುಗಿಸಿ, ಬೆಂಕಿಪೊಟ್ಟಣ ಕೈಯಲ್ಲಿ ಹಿಡಿದು, ಅದನ್ನು ಯಾಕೆ ಹಿಡಿದಿದ್ದೇನೆ ಎನ್ನುವುದು ಮರೆತುಹೋಗಿ, ಅವನು ನಿಂತಿದ್ದ. ಮರೆತದ್ದೇ ಉಳಿಸಿತು. ಅದನ್ನು ಅವಳು ಮಗಳಿಗೆ ಹೇಳಿರಲಿಲ್ಲ. ಹೇಳಿದರೆ, ಆರು ತಿಂಗಳ ಹಿಂದೆ ಡಾಕ್ಟರು ಅಷ್ಟು ಒಳ್ಳೆಯದಾಗಿದೆ ಅಂದರಲ್ಲ, ಅದು ಹೇಗೆ ಎಂದು ಮಗಳು ಕೇಳುತ್ತಾಳೆ. ಆ ಪ್ರಶ್ನೆಗೆ ತಾನು ಪದ್ಯದಿಂದಲೇ ಶುರುಮಾಡಿ ಉತ್ತರ ಹೇಳಬೇಕಾಗುತ್ತದೆ.

ಹೋದ ವರ್ಷದ ಆಷಾಢದಲ್ಲಿ ಮೊದಲ ಸಲ ಇಲ್ಲಿಗೆ ಕರೆತಂದದ್ದು. ಭಜನೆಮನೆಯಲ್ಲಿ ಪ್ರತಿ ಶ್ರಾವಣ ತಿಂಗಳಿಡೀ ಅವನು ಕಾವ್ಯ ಓದುತ್ತಿದ್ದ. ಹಳೇ ಮಾರೇನಹಳ್ಳಿಯ ಸುತ್ತ ಲೇಔಟುಗಳೆದ್ದು ಊರೆಂಬುದು ನಾಲ್ಕು ಗಲ್ಲಿಯಷ್ಟಕ್ಕೆ ಇಳಿದ ಮೇಲೂ ಆ ಓದು ನಿಂತಿರಲಿಲ್ಲ. ಗಂಡಸರು ಮುಂದೆ, ಹೆಂಗಸರು ಕಂಬದ ಹಿಂದೆ. ಮುನಿತಾಯಮ್ಮನಿಗೆ ಅಕ್ಷರ ಬಾರದು. ತವರಿನಲ್ಲಿ ಅಪ್ಪನ ಓದು, ಇಲ್ಲಿ ಗಂಡನ ಓದು, ಐವತ್ತು ವರ್ಷ ಕೇಳಿ ಕೇಳಿ ಯಾವ ಪದ್ಯದ ಯಾವ ಎಳೆತ ಎಲ್ಲಿ ಎನ್ನುವುದು ಅವಳ ಮೈಗೆ ಗೊತ್ತಿತ್ತು. ರಾಗಿ ಬೀಸುವ ಕೈಗೆ ಕಲ್ಲಿನ ಸುತ್ತು ಗೊತ್ತಿರುವ ಹಾಗೆ. ಅದಕ್ಕೂ ಹಿಂದಿನ ವರ್ಷದ ಶ್ರಾವಣದಲ್ಲಿ ಓದುವಾಗ ಅವನು ಒಂದೇ ಪದ್ಯವನ್ನು ಮೂರು ಸಲ ಓದಿದ. ಭಕ್ತಿ ಹೆಚ್ಚಾಯಿತು ಎಂದು ಎಲ್ಲರೂ ಅಂದುಕೊಂಡರು. ಕಂಬದ ಹಿಂದೆ ಅವಳೊಬ್ಬಳು ಬೆರಳು ಮಡಚಿ ಎಣಿಸಿದ್ದಳು. ಆಮೇಲೆ ಒಂದೊಂದೇ. ಕನ್ನಡಕ ಅಕ್ಕಿ ಡಬ್ಬದಲ್ಲಿ. ಸತ್ತ ಅಣ್ಣನಿಗೆ ಊಟಕ್ಕೆ ಕರೆ. ಮಗಳನ್ನು ನೋಡಿ, ಈ ಹುಡುಗಿ ಯಾರ ಮನೇದು ಕಣೇ ಎಂದು ಪಿಸುಮಾತು.

ಮತ್ತು ಈ ಬಾಗಿಲ ಆಚೆ, ಆ ಮೊದಲ ದಿನ. ದಾವಣಗೆರೆ ಕಡೆಯ ಡಾಕ್ಟರಮ್ಮ ಚೇತನಾ, ಮಗಳಿಗಿಂತ ಚಿಕ್ಕವರು, ಒಳ್ಳೆಯ ಮಾತು. ಪಕ್ಕದಲ್ಲಿ ಕಲಿಯಲು ಬಂದ ಇಬ್ಬರು ಹುಡುಗಿಯರು. "ಇದು ಯಾವ ತಿಂಗಳು ಯಜಮಾನ್ರೇ?" "ಆಷಾಢ." "ಇಂಗ್ಲಿಷಿನಾಗ?" ಅವನಿಗೆ ಹೊಳೆಯಲಿಲ್ಲ. ಯಾವ ಇಸವಿ ಎಂದರೆ, ನಮ್ಮ ಬಾವಿ ತೋಡಿದ ಮೇಲೆ ಎಂದ. ಆಮೇಲೆ ಮೂರು ಮಾತು ಹೇಳುತ್ತೇನೆ, ನೆನಪಿಟ್ಟುಕೊಳ್ಳಿ, ಸ್ವಲ್ಪ ಹೊತ್ತು ಬಿಟ್ಟು ಕೇಳುತ್ತೇನೆ ಎಂದರು: ಬಾಳೆ, ಬೀಗ, ಕುದುರೆ. ಬಿಟ್ಟು ಕೇಳಿದಾಗ ಅವನು ಮೂರು ಮಾತೆಲ್ಲಿ, ಮೂರು ಮಾತು ಯಾರು ಹೇಳಿದರು ಎಂಬಂತೆ ಎಲ್ಲರ ಮುಖವನ್ನೂ ಸರದಿಯ ಮೇಲೆ ನೋಡಿದ. ಕಲಿಯಲು ಬಂದವಳೊಬ್ಬಳು ನಗು ತಡೆದುಕೊಳ್ಳಲು ತುಟಿ ಕಚ್ಚಿದಳು. ಆಗ ಅವನು ಎದ್ದು ನಿಂತ. "ನಾನು ಒಂದು ತಿಂಗಳು ಓದ್ತೀನಿ ಕಣ್ರಮ್ಮ, ಪುಸ್ತಕ ಮುಚ್ಚಿಟ್ಟು" ಎಂದು ದನಿಯೆತ್ತಿ ಪದ್ಯ ಹಿಡಿದುಬಿಟ್ಟ. ಎಂಥ ದನಿ! ಹೊರಗಿನ ಬೆಂಚಿನವರೆಲ್ಲ ಬಾಗಿಲಿಗೆ ಬಂದರು. ಡಾಕ್ಟರಮ್ಮ ಅರ್ಧಕ್ಕೆ ಅವನ ಕೈ ಮುಟ್ಟಿ, "ಚೆನ್ನಾಗೈತಿ, ಸಾಕ್ರಿ, ಸಾಕು" ಎಂದರು. ಅರ್ಧಕ್ಕೆ ನಿಂತ ಪದ್ಯದಷ್ಟು ಅಪಶಕುನ ಇನ್ನೊಂದಿಲ್ಲ. ಬರುವಾಗ ಆಟೋದಲ್ಲಿ ಅವನು ಅತ್ತ. ಮದುವೆಯಾದ ಮೇಲೆ ಎರಡನೆಯ ಸಲ ಅವನು ಅಳುವುದನ್ನು ಅವಳು ನೋಡಿದ್ದು. "ಸಂತೇಲಿ ಎತ್ತಿಗೆ ಬಾಯಿ ಬಿಡಿಸಿ ಹಲ್ಲು ನೋಡಿದಂಗೆ ನೋಡಿದ್ರು ಕಣೇ. ಇನ್ನೊಂದು ಸಲ ಅಲ್ಲಿ ನನ್ನ ಮಾನ ಕಳೀಬೇಡ."

ಕಳೆಯುವುದಿಲ್ಲ ಎಂದು ಅವನ ಮಂಡಿಯ ಮೇಲೆ ಕೈಯಿಟ್ಟು ಮಾತು ಕೊಟ್ಟಿದ್ದಳು. ಆ ಮಾತನ್ನು ಅವನು ಮನೆ ಮುಟ್ಟುವಷ್ಟರಲ್ಲಿ ಮರೆತಿದ್ದ. ಅವಳು ಹೇಗೆ ಮರೆಯಬೇಕು?

ಡಿಸೆಂಬರಿನಲ್ಲಿ ಒಂದು ಮಧ್ಯಾಹ್ನ ಇಬ್ಬರೂ ಕೂತು ಹಿತಕಿದ ಬೇಳೆಗೆ ನೆನೆಸಿದ ಅವರೆಕಾಳು ಹಿತಕುತ್ತಿದ್ದರು. ಹೆಬ್ಬೆರಳಿನ ಒತ್ತಿಗೆ ಕಾಳು ಪಳಕ್ಕನೆ ಸಿಪ್ಪೆ ಬಿಟ್ಟು ಜಿಗಿಯುತ್ತದೆ. ಮೂರು ಕಾಳು, ನಾಲ್ಕು ಕಾಳು, ಮೂರು, ನಾಲ್ಕು. ಕೈಯ ಲಯಕ್ಕೆ ಬಾಯಿ ತಾನಾಗಿ ಸೇರಿಕೊಂಡಿತು. ಮುಂದಿನ ತಿಂಗಳು ಮತ್ತೆ ಡಾಕ್ಟರಲ್ಲಿಗೆ ಹೋಗಬೇಕಲ್ಲ ಎನ್ನುವ ಭಯವೇ ಆ ಹೊತ್ತು ಹಾಡಾಗಿ ಬಂತೇನೋ. ವಾರ ಮಂಗಳ, ಮಾಸ ಜನವರಿ. ಆ ಡಾಕ್ಟರು ನೋಡುವುದೇ ಮಂಗಳವಾರ. ಊರು ಬೆಂಗಳೂರು. ಮೂರು ಮಾತಿವು. ಅವನು ಕಾಳು ಹಿತಕುತ್ತ ತಲೆದೂಗಿದ. ಎರಡನೆಯ ಸಲ ಹೇಳಿದಾಗ ಜೊತೆಗೂಡಿದ. ಮೂರನೆಯ ಸಲಕ್ಕೆ ಪದ್ಯ ಅವನದಾಗಿತ್ತು. ಬೆಳಿಗ್ಗೆ ತಿಂದ ತಿಂಡಿ ನೆನಪಿಲ್ಲದವನು, ಅವಳು ಕೊನೆಯ ಸಾಲಿನಲ್ಲಿ ಕೇರಿ ಮಾರೇನಹಳ್ಳಿ ಎಂದಾಗ ಕೈಯೆತ್ತಿ ತಡೆದ. "ಇಲ್ಲಿ ಎಡವ್ತದೆ. ಮಾರೇನಳ್ಳಿ ಅನ್ನು. ಈಗ ಸರಿ ಕೂತ್ಕಂತು ನೋಡು." ಅವಳಿಗೆ ಕಣ್ಣು ತುಂಬಿ ಬಂತು. ಎಲ್ಲೂ ಹೋಗಿಲ್ಲ, ಇಲ್ಲೇ ಇದ್ದಾನೆ, ಪದ್ಯದೊಳಗೆ ಕೂತಿದ್ದಾನೆ ಅಷ್ಟೆ. ಆಮೇಲೆ ದಿನವೂ ದೀಪ ಹಚ್ಚಿದ ಮೇಲೆ ಪಾಠ. ಡಾಕ್ಟರು ಏನು ಕೇಳಿದರೂ ಬಾಯಿ ಬಿಡಬೇಡಿ, ಒಳಗೇ ಪದ್ಯ ಹೇಳಿಕೊಂಡು ಬನ್ನಿ, ಕೇಳಿದ ಮಾತು ಬಂದ ಜಾಗದಲ್ಲಿ ನಿಲ್ಲಿಸಿ ಅದೊಂದನ್ನೇ ಗಟ್ಟಿಯಾಗಿ ಹೇಳಿ. ಎಷ್ಟು ಸಲ ಹೇಳಿಕೊಟ್ಟಳೋ. ಗಿಣಿಗೆ ಕಲಿಸಿದ ಹಾಗೆ ಕಲಿಸಿದೆನಲ್ಲ ಎಂದು ಈಗ ನೆನೆದರೆ ಮೈ ಕುಗ್ಗುತ್ತದೆ. ಆಗ ಹಾಗನ್ನಿಸಿರಲಿಲ್ಲ.

ಆಗ ಅನ್ನಿಸಿದ್ದೇ ಬೇರೆ. ಅದನ್ನು ಅವಳು ದೇವರಿಗೂ ಹೇಳಿಲ್ಲ. ಜನವರಿಯಲ್ಲಿ ಡಾಕ್ಟರಮ್ಮ ಕೇಳಿದ್ದಕ್ಕೆಲ್ಲ ಅವನು ಒಂದು ಕ್ಷಣ ಕಣ್ಣು ಮುಚ್ಚಿ, ತುಟಿಯಾಡಿಸಿ, ಉತ್ತರ ಕೊಟ್ಟ. "ಭಾಳ ಚೆನ್ನಾಗೈತ್ರೀ! ಮಾತ್ರೆ ಹಿಡ್ದೈತಿ" ಎಂದು ಡಾಕ್ಟರಮ್ಮ ಸಂತೋಷಪಟ್ಟರು. "ಮನೇಲಿ ಹೆಂಗಿದಾರಮ್ಮ?" ಎಂದರೆ "ಚೆನ್ನಾಗವ್ರೆ" ಎಂದಳು. ಮಗಳು ಅಲ್ಲೇ ಅಪ್ಪನ ಭುಜ ತಬ್ಬಿಕೊಂಡಳು. ಮುನಿತಾಯಮ್ಮನಿಗೆ ಉಸಿರು ಕಟ್ಟುವಷ್ಟು ಹಿಗ್ಗು. ಆ ಹಿಗ್ಗು ಅವನು ಗೆದ್ದದ್ದಕ್ಕಲ್ಲ. ಐವತ್ತು ವರ್ಷ ಕಂಬದ ಹಿಂದೆ ಕೂತು ಪರರ ಪದ್ಯ ಕೇಳಿದವಳು. ಇವತ್ತು ಓದೋ ಮುನಿರಾಜಣ್ಣನ ಬಾಯಲ್ಲಿ ತನ್ನ ಪದ್ಯ. ಅಕ್ಷರ ಬಾರದ ತಾನು ಕಟ್ಟಿದ್ದು, ಓದಿದ ಡಾಕ್ಟರ ಮುಂದೆ ನಿಂತಿತು. ಎಂಥ ಹೆಂಗಸು ನಾನು, ಎಂದು ಆಮೇಲೆ ಎಷ್ಟೋ ಬೆಳಗಿನ ಜಾವ ಅಂಗಳಕ್ಕೆ ನೀರು ಹಾಕುತ್ತ ನಿಂತುಬಿಟ್ಟಿದ್ದಾಳೆ. ದೇವರ ಕಥೆ ಹರಿದು ಬಂದ ಕಾಲುವೆಯಲ್ಲಿ ಬಚ್ಚಲ ನೀರು ಬಿಟ್ಟೆನಲ್ಲ. ಅವನ ಮಾನ ಉಳಿಸಲು ಎನ್ನುವುದು ಅರ್ಧ ಸತ್ಯ. ಉಳಿದರ್ಧವನ್ನು ಯಾವ ನೀರು ತೊಳೆಯಬೇಕು.

ಆವತ್ತು ಡಾಕ್ಟರಮ್ಮ ಇನ್ನೊಂದು ಮಾತು ಹೇಳಿದ್ದರು. ಮನೆಯಲ್ಲೇ ಕಟ್ಟಿಹಾಕಿದಂತೆ ಇಡಬೇಡಿ, ಒಬ್ಬರೇ ನಾಲ್ಕು ಹೆಜ್ಜೆ ಓಡಾಡಲಿ, ಅಂಗಡಿಗೆ ಹೋಗಿಬರಲಿ. ಒಳ್ಳೆಯ ಮಾತೇ, ಇಷ್ಟು ಚೆನ್ನಾಗಿರುವವರಿಗೆ. ಏಪ್ರಿಲ್‌ನಲ್ಲಿ ಒಂದು ಸಂಜೆ ಹಾಲಿಗೆ ಹೋದವನು ಬರಲಿಲ್ಲ. ಮಗಳು ಶಾಲೆಯಿಂದ ಬರುವುದರೊಳಗೆ ಹುಡುಕಬೇಕೆಂದು ಅವಳು ಚಪ್ಪಲಿಯನ್ನೂ ಮೆಟ್ಟದೆ ಓಡಿದಳು. ಎಲ್ಲಿ ಹುಡುಕಬೇಕೆಂದು ಕಾಲಿಗೆ ಗೊತ್ತಿತ್ತು. ಅವರ ಹೊಲವಿದ್ದ ಕಡೆ. ಹೊಲ ಹೋಗಿ ಇಪ್ಪತ್ತೈದು ವರ್ಷ, ಅಲ್ಲಿ ಈಗ ಅಡ್ಡರಸ್ತೆ, ಗೇಟುಗಳು, ಗೇಟಿನೊಳಗೆ ಕಾರು. ಅಂಥದೊಂದು ಗೇಟು ತೆಗೆದು ಒಳಹೊಕ್ಕು, ಕಾರಿನ ಹಿಂದೆ, ಹಿಂದಿನ ಕಾಲದಲ್ಲಿ ಬದುವಿನ ಮೇಲೆ ಕೂರುತ್ತಿದ್ದ ಹಾಗೆ ಕುಕ್ಕರಗಾಲಲ್ಲಿ ಕೂತು, ಉಚ್ಚೆ ಹೊಯ್ದಿದ್ದ. ಅವಳು ಮುಟ್ಟುವ ಹೊತ್ತಿಗೆ ಒದ್ದೆ ಪಂಚೆಯಲ್ಲಿ ನಿಂತಿದ್ದ. ಆ ಮನೆಯ ಹೆಂಗಸು ಕೂಗಾಡುತ್ತಿದ್ದಳು. "ನಿಮಗೇನು ನಾಚಿಕೆ ಮಾನ ಮರ್ಯಾದೆ ಇಲ್ವಾ? ನೋಡೋಕೆ ದೊಡ್ಡೋರ ಥರ ಇದೀರ!" ಅವನು ಅವಳನ್ನು ಸಮಾಧಾನಪಡಿಸುತ್ತಿದ್ದ. "ಬೈಬೇಡ ಕಣವ್ವ, ರಾಗಿ ಪೈರಿಗೆ ಏನೂ ಆಗಲ್ಲ." ಮುನಿತಾಯಮ್ಮ, ಸಕ್ಕರೆ ಕಾಯಿಲೆ ಕಣಮ್ಮ, ತಡೆಯಕ್ಕಾಗಲ್ಲ ಅವ್ರಿಗೆ, ಎಂದು ಸುಳ್ಳು ಹೇಳಿದಳು. ಬಕೀಟು ಕೊಡಿ ಎಂದು ಇಸಕೊಂಡು, ಸೆರಗು ಸಿಕ್ಕಿಸಿ, ಆ ನೆಲವನ್ನು ತೊಳೆದಳು. ಸೊಸೆಯಾಗಿ ಬಂದ ವರ್ಷ ಅದೇ ನೆಲದಲ್ಲಿ ಕಳೆ ಕಿತ್ತಿದ್ದಳು. ಅವಮಾನಕ್ಕಿಂತ ಹೆಚ್ಚು ನೋಯಿಸಿದ್ದು, ಬರುವ ದಾರಿಯಲ್ಲಿ ಅವನು ತೀರ ಹಸನ್ಮುಖಿಯಾಗಿ, ಈ ಸಲ ಹದ ಚೆನ್ನಾಗೈತೆ ಎಂದದ್ದು. ಮಗಳಿಗೆ, ಹಾಲು ಚೆಲ್ಲಿಹೋಯಿತು ಎಂದಿದ್ದಳು. ಒಂದು ಸುಳ್ಳಿಗೆ ಕಾವಲು ಇನ್ನೊಂದು ಸುಳ್ಳು.

"ಓದೋ ತಾತ, ಬನ್ನಿ ಒಳಗೆ" ಎಂದಳು ಶಿಲ್ಪಾ.

ಒಳಗೆ ಎರಡು ಕುರ್ಚಿ. ಒಂದರಲ್ಲಿ ಗಂಡ, ಇನ್ನೊಂದರಲ್ಲಿ ಫೈಲು ಹಿಡಿದ ಕುಸುಮಾ. ಅಮ್ಮ ಕೂತ್ಕೋ ಎಂದು ಮಗಳು ಏಳಹೋದಾಗ, ನೀನೇ ಕೂತ್ಕಳವ್ವ, ಡಾಕ್ಟ್ರತ್ರ ಮಾತಾಡೋಳು ನೀನು ಎಂದು ಮುನಿತಾಯಮ್ಮ ಗೋಡೆಗೆ ಒರಗಿ ನಿಂತಳು. ಡಾಕ್ಟರಮ್ಮ ನಕ್ಕು ಚಿಕ್ಕ ಹಾಳೆ ತೆಗೆದರು. ಅದೇ ಹಾಳೆ. ಅದನ್ನು ಓದಲು ಬಾರದಿದ್ದರೂ ಅದರ ಮೇಲಿನ ಗೆರೆಗಳು ಅವಳಿಗೆ ಗುರುತು.

"ಇವತ್ತು ಯಾವ ವಾರ ಯಜಮಾನ್ರೇ?"

ಕಣ್ಣು ಮುಚ್ಚಿತು. ತುಟಿ ಆಡಿತು. "ಮಂಗಳವಾರ."

"ತಿಂಗಳು? ಇಂಗ್ಲಿಷಿನ ತಿಂಗಳು ಹೇಳ್ರಿ."

"ಜೂಲೈ."

"ವೆರಿ ಗುಡ್." ಗೀಚಿದರು. ಕುಸುಮಾಳ ಭುಜ ಸಡಿಲವಾದದ್ದು ಹಿಂದಿನಿಂದ ಕಂಡಿತು. "ನಾನು ಈಗ ಮೂರು ಮಾತು ಹೇಳ್ತೀನಿ, ನೆನಪಿಟ್ಕೊಳ್ಳಿ. ಬಾಳೆ..."

ಗಂಡನ ಮುಖದ ಮೇಲೆ ಒಂದು ಬೆಳಕು ಹರಿಯಿತು. ಪರಿಚಿತರ ಬೀದಿಗೆ ಬಂದವನ ಬೆಳಕು. ಅದನ್ನು ನೋಡಿದಾಗ ಮುನಿತಾಯಮ್ಮನಿಗೆ, ಬಾಯಿ ಮುಚ್ಚಿಕೊಂಡಿರು, ಇನ್ನು ಎರಡು ನಿಮಿಷ, ಅವನು ಗೆದ್ದು ಎದ್ದುಬರುತ್ತಾನೆ ಎಂದು ಮನಸ್ಸಿನ ಒಂದು ಮೂಲೆ ಹೇಳಿತು. ಸೋಮವಾರ, ಖಾಲಿ ಮನೆ, ಮುಚ್ಚಿಟ್ಟ ಸಾರು, ಬೆಂಕಿಪೊಟ್ಟಣ. ಮರೆಯುವುದು ಪ್ರತಿ ಸಲವೂ ಕಡ್ಡಿ ಗೀರುವ ಮೊದಲೇ ಆಗುತ್ತದೆಂದು ಯಾವ ದೇವರು ಬರೆದುಕೊಟ್ಟಿದ್ದಾನೆ.

"ಅವ್ವ, ಡಾಕ್ಟ್ರವ್ವ, ಅದು ಬ್ಯಾಡಿ" ಎಂದಳು.

ಮೂವರೂ ತಿರುಗಿ ನೋಡಿದರು. ಅವಳಿಗೆ ಹೇಗೆ ಹೇಳಬೇಕೆಂದು ತೋಚಲಿಲ್ಲ. ತಪ್ಪು ಮಾಡಿದೆ ಎಂದು ಶುರುಮಾಡಿದರೆ ಅಳು ಬರುತ್ತಿತ್ತು. ಸೆರಗನ್ನು ಭುಜದ ಮೇಲೆ ಸರಿಮಾಡಿಕೊಂಡು, ಕಣ್ಣು ನೆಲದ ಮೇಲಿಟ್ಟು, ಗಂಡಸರೆದುರು ಎಂದೂ ಎತ್ತದ ದನಿಯನ್ನು ಎತ್ತಿದಳು.

ವಾರ ಮಂಗಳ ಮಾಸ ಜೂಲೈ
ಊರು ಬೆಂಗಳುರಿದುವೆ ಸಾಮಿಯೆ
ಮೂರು ಮಾತಿವು ಬಾಳೆ ಬೀಗವು ಕುದುರೆ ಮರೆಯೆನು ನಾ
ನಾರಿ ಮುನಿತಾಯಮ್ಮ ಮಡದಿಯು
ಪೋರಿ ಕುಸುಮಳು ಮಗಳು ನೋಡಿರಿ
ಕೇರಿ ಮಾರೇನಳ್ಳಿ ಹೇಳಿದೆ ನಿಮಗೆ ಡಾಕುಟರೇ

ಗಂಡ ಮೆಚ್ಚುಗೆಯಿಂದ ತಲೆದೂಗಿದ. "ಚೆನ್ನಾಗೈತೆ" ಎಂದ. "ಯಾರ ಪದ್ಯ ಇದು?"

"ಅಮ್ಮ, ಏನಮ್ಮ ಇದು?" ಕುಸುಮಾಳ ದನಿ ಒಡೆದಿತ್ತು. "ಜನವರಿಲೂ ಇದೇನಾ? ಅಪ್ಪನ್ನ ಒಬ್ರನ್ನೇ ಬಿಟ್ಟು ಹೋಗ್ತಿದ್ನಲ್ಲಮ್ಮ ನಾನು!"

"ಅದ್ಕೇ ಹೇಳ್ದೆ." ಆಮೇಲೆ ಒಂದರ ಹಿಂದೊಂದು, ಗ್ಯಾಸು, ಹೊಲ, ತೊಳೆದ ನೆಲ, ಎಲ್ಲವನ್ನೂ ಹೇಳಿದಳು. ಪದ್ಯವಿಲ್ಲದ ಬರೀ ಮಾತಿನಲ್ಲಿ, ತೊದಲುತ್ತ. ಹಿಗ್ಗಿದ ವಿಷಯವೊಂದನ್ನು ಮಾತ್ರ ಹೇಳಲಾಗಲಿಲ್ಲ.

ಡಾಕ್ಟರಮ್ಮ ಬೈಯುತ್ತಾರೆಂದು ಕಾದಳು. ಅವರು ಪೆನ್ನಿನ ಮುಚ್ಚಳ ಹಾಕಿ, ತೆಗೆದು, ಮತ್ತೆ ಹಾಕಿದರು. "ಅಮ್ಮ, ಆರು ತಿಂಗಳಿಂದ ನಾನು ನಿಮ್ಮ ಪದ್ಯಕ್ಕ ಔಷಧ ಕೊಟ್ಟೀನಿ" ಎಂದರು. "ಇವರಿಗೆ ಕೊಟ್ಟಿಲ್ಲ. ಇದು ಪಾಸು ಫೇಲಿನ ಪರೀಕ್ಷೆ ಅಲ್ರೀ. ಜ್ವರ ಎಷ್ಟೈತಿ ಅಂತ ನೋಡ್ತೀವಲ್ಲ, ಹಂಗೆ. ನೀವು ಜ್ವರ ನೋಡೋ ಕಡ್ಡೀನ ತಣ್ಣೀರಾಗ ಅದ್ದಿ ನನ್ನ ಕೈಗೆ ಕೊಟ್ರಿ."

ಅವರು ಮೇಜಿನ ಕೆಳಗಿನಿಂದ ಬೇರೆ ಹಾಳೆ ತೆಗೆದರು, ದೊಡ್ಡದು. "ಈಗ ಮೊದಲಿಂದ ನೋಡೋಣು. ಬೇರೆ ಮಾತು. ನೀವು ಮಾತ್ರ ಏನೂ ಹೇಳಂಗಿಲ್ಲ."

ಕೊಡೆ, ದೀಪ, ಮೊಲ. ಅವನು ಕಣ್ಣು ಮುಚ್ಚಿದ. ತುಟಿ ಆಡಿತು, ನಿಂತಿತು, ಮತ್ತೆ ಮೊದಲಿನಿಂದ ಆಡಿತು. ಬಾಳೆ ಎಂದ. ತಪ್ಪೆಂದು ಅವರ ಮುಖದಿಂದ ತಿಳಿದು, ಗೋಡೆಯ ಕಡೆ ತಿರುಗಿ ಅವಳ ಬಾಯಿಯನ್ನೇ ನೋಡಿದ. ಅವಳು ಹಲ್ಲು ಕಚ್ಚಿದಳು. ಕೊಡೆ ಎನ್ನುವ ಎರಡಕ್ಷರ ನಾಲಗೆಯ ತುದಿಯಲ್ಲಿ ಕೂತು ಉರಿಯುತ್ತಿತ್ತು. ಅವನು ಹಾಗೇ ನೋಡುತ್ತಿದ್ದ, ದೂರದ ದನಿಗೆ ಕಿವಿಗೊಟ್ಟವನ ಹಾಗೆ. ಏನೂ ಬರಲಿಲ್ಲ. ನಿಧಾನಕ್ಕೆ ಮುಖ ತಿರುಗಿಸಿಕೊಂಡ. ಅವನ ಮಾನವನ್ನು ಎರಡನೆಯ ಸಲ, ಈ ಸಲ ತನ್ನ ಕೈಯಾರೆ, ಕಳೆದೆ ಎಂದು ಅವಳಿಗೆ ಅನ್ನಿಸಿತು. ನೂರರಿಂದ ಏಳು ಕಳೆಯಿರಿ ಎಂದರೆ ಆಗಲಿಲ್ಲ. ಗಡಿಯಾರ ಬಿಡಿಸಿ ಎಂದರೆ ದುಂಡಗೆ ಬರೆದು ಒಳಗೆ ಏನೂ ಇಡಲಿಲ್ಲ. ಇದು ಯಾರು ಎಂದು ಕುಸುಮಾಳನ್ನು ತೋರಿಸಿದರೆ, ಒಳ್ಳೇ ಹುಡುಗಿ ಎಂದ. ಕುಸುಮಾ ಫೈಲಿನ ಮೇಲೆ ಬಗ್ಗಿ ಯಾವುದೋ ಹಾಳೆ ಹುಡುಕುವವಳಂತೆ ಮಾಡಿದಳು.

"ಆತು, ಕೊನೇದು" ಎಂದು ಡಾಕ್ಟರಮ್ಮ ಹಾಳೆಯ ಕೆಳಗೆ ಜಾಗ ತೋರಿಸಿ ಪೆನ್ನು ಕೊಟ್ಟರು. "ಇಲ್ಲಿ ಒಂದು ವಾಕ್ಯ ಬರೀರಿ. ನಿಮ್ಮ ಮನಸ್ಸಿಗೆ ಬಂದದ್ದು, ಏನಾದ್ರೂ."

ಅವನು ಪೆನ್ನು ಹಿಡಿದು ಸುಮ್ಮನೆ ಕೂತ. ಸ್ವಲ್ಪ ಹೊತ್ತು ಕಾದು, ಅವರು ಕುಸುಮಾಳ ಕಡೆ ತಿರುಗಿದರು. ಮಾತ್ರೆಯ ಪ್ರಮಾಣ ಹೆಚ್ಚಿಸುತ್ತೇನೆ, ಮೊದಲೆರಡು ವಾರ ಹೊಟ್ಟೆ ತೊಳೆಸಬಹುದು. ಇದು ಕಾಯಿಲೆಯನ್ನು ಹಿಂದಕ್ಕೆ ಓಡಿಸುವ ಔಷಧವಲ್ಲ, ಸ್ವಲ್ಪ ತಡೆದು ನಿಲ್ಲಿಸಬಹುದು, ಅಷ್ಟೆ. ಸೋಮವಾರದಿಂದ ಯಾರಾದರೂ ಜೊತೆಗಿರಲೇಬೇಕು. "ನಾನು ರಜ ಹಾಕ್ತೀನಿ ಡಾಕ್ಟ್ರೇ. ನಮ್ಮನೆಯವರ್ದೂ ನೈಟ್ ಶಿಫ್ಟ್ ಮಾಡಿಸ್ಕೊಂಡ್ರೆ ಹಗಲು ಒಬ್ರು ಇರ್ತೀವಿ" ಎಂದಳು ಕುಸುಮಾ. ಗ್ಯಾಸಿನ ಸಿಲಿಂಡರನ್ನೇ ಮುಚ್ಚಿ ಎಂದರು ಡಾಕ್ಟರಮ್ಮ. ಗೇಟಿಗೆ ಎತ್ತರದಲ್ಲಿ ಚಿಲಕ. ಜೇಬಿನಲ್ಲಿ ಹೆಸರು, ಫೋನ್ ನಂಬರು ಬರೆದ ಕಾರ್ಡು. ಮತ್ತೆ, ಎಂದು ಮುನಿತಾಯಮ್ಮನ ಕಡೆ ನೋಡಿ, "ಪದ್ಯ ಬಿಡಿಸಬ್ಯಾಡ್ರಿ ಅಮ್ಮ. ಹಾಡಿಸ್ರಿ. ಪಾಠ ಒಪ್ಪಿಸೋಕ ಮಾತ್ರ ಬ್ಯಾಡ. ನಾನ್ಯಾರು, ಇವಳ್ಯಾರು ಅಂತ ದಿನಾ ಕೇಳಬ್ಯಾಡ್ರಿ. ಅವರಿಗೂ ಕಷ್ಟ, ನಿಮಗೂ ಕಷ್ಟ" ಎಂದರು. ಅವಳು ಹೂಂ, ಹೂಂ ಎನ್ನುತ್ತ, ಗೋಡೆಗೆ ಕೈಯೂರಿ, ಒಂದು ಕಾಲಿನ ಭಾರವನ್ನು ಇನ್ನೊಂದಕ್ಕೆ ಬದಲಿಸಿದಳು. ಕಲ್ಲಿನ ಕಡೆ ಚುಚ್ಚಿದಂತಾಗಿ ಕಣ್ಣು ಮುಚ್ಚಿ ತೆರೆದಳು. ಈ ಮಾತೆಲ್ಲ ಅವನ ತಲೆಯ ಮೇಲಿಂದ ಹಾದುಹೋಗುತ್ತಿದ್ದವು. ಅವನು ಆಗೊಮ್ಮೆ ಈಗೊಮ್ಮೆ ತಲೆಯೆತ್ತಿ, ಮತ್ತೆ ಬಗ್ಗಿ, ಒಂದೊಂದೇ ಅಕ್ಷರ ಬರೆಯುತ್ತಿದ್ದ. ಭಜನೆಮನೆಯ ಬೋರ್ಡಿನ ಮೇಲೆ ಇಂತಿಂಥ ದಿನ ಓದು ಎಂದು ಬರೆಯುತ್ತಿದ್ದ ದುಂಡಗಿನ ಅಕ್ಷರ. ಒಂದೊಂದರ ತಲೆಕಟ್ಟನ್ನೂ ಎರಡು ಸಲ ತಿದ್ದಿ ಕೊನೆಗೆ ಹಾಳೆಯನ್ನು ಮುಂದಕ್ಕೆ ತಳ್ಳಿದ.

ಡಾಕ್ಟರಮ್ಮ ಓದಿದರು. ಕುಸುಮಾ ಬಗ್ಗಿ ಓದಿದಳು. ಬಾಯಿಗೆ ಕೈಯಡ್ಡ ಹಿಡಿದು ಕಿಟಕಿಯ ಕಡೆ ತಿರುಗಿದಳು.

"ಏನು ಬರ್ದವ್ರೆ?" ಎಂದಳು ಮುನಿತಾಯಮ್ಮ. "ಹೇಳ್ರವ್ವ, ನಂಗೆ ಓದಕ್ಕೆ ಬರಾಕಿಲ್ಲ. ತಪ್ಪು ಬರ್ದವ್ರಾ?"

"ತಪ್ಪಿಲ್ಲಮ್ಮ. ಅರ್ಥ ಇರೋ ವಾಕ್ಯಕ್ಕ ಪೂರ್ತಿ ಮಾರ್ಕು ಐತಿ" ಎಂದು ಡಾಕ್ಟರಮ್ಮ ಅದರ ಪಕ್ಕದಲ್ಲಿ ಒಂದು ಗುರುತು ಹಾಕಿದರು. ಆಮೇಲೆ, ಶಾಲೆಯಲ್ಲಿ ಮಕ್ಕಳು ಓದುವ ಹಾಗೆ, ಒಂದೊಂದು ಪದವನ್ನೂ ಬಿಡಿಸಿ ಓದಿದರು.

"ಈ ಯಮ್ಮ ಯಾರೋ, ಬಂದಾಗಿನಿಂದ ನಿಂತೇ ಇದ್ದಾರೆ. ಪಾಪ, ಒಂದು ಕುರ್ಚಿ ಕೊಡಿ."

ಕುಸುಮಾ ಎದ್ದಳು. ಅವಳ ಕುರ್ಚಿಯನ್ನು ಗಂಡನೇ ಕೈಚಾಚಿ ಎಳೆದು, ಕೂರುವ ಕಡೆಯನ್ನು ಅಂಗೈಯಿಂದ ಒಂದು ಸಲ ಒರೆಸಿದ. ಮುನಿತಾಯಮ್ಮ ಕೂತಳು. ಅವನು ಅವಳ ಕಡೆ ಬಗ್ಗಿ, ಬಸ್ಸಿನಲ್ಲಿ ಪಕ್ಕಕ್ಕೆ ಬಂದ ವಯಸ್ಸಾದವರೊಡನೆ ಆಡುವ ಮೆಲುದನಿಯಲ್ಲಿ ಕೇಳಿದ.

"ಕಾಲು ನೋವಾ, ತಾಯಿ?"

ನಾನು ಕಣ್ರೀ, ನಾನು ಎನ್ನುವುದು ಗಂಟಲಿಗೆ ಬಂತು. ಅದನ್ನು ನುಂಗಿಕೊಂಡಳು.

"ನೋಯ್ತಿತ್ತು" ಎಂದಳು. "ಈಗ ಕೂತ್ಕಂಡ್ನಲ್ಲ."